ಸೀಟು ಕೊಡುವವರು ಒಬ್ಬರು, ಕೋಣೆ ಕೊಡುವವರು ಇನ್ನೊಬ್ಬರು: ಜರ್ಮನಿಯ ಷ್ಟುಡೀರೆಂಡೆನ್‌ವೆರ್ಕ್ ನಡೆಯುವ ಬಗೆ

ನಮ್ಮಲ್ಲಿ ಎಂಜಿನಿಯರಿಂಗ್ ಕಾಲೇಜಿಗೆ ಸೇರುವ ದಿನ ಫೀಸು ಕಟ್ಟುವ ಕೌಂಟರಿನ ಪಕ್ಕದಲ್ಲೇ ಹಾಸ್ಟೆಲ್ ಫಾರಂ ಸಿಗುತ್ತದೆ. ಮೆಸ್ಸೂ ಅದೇ ಆವರಣದಲ್ಲಿ, ವಾರ್ಡನ್ನೂ ಹೆಚ್ಚಾಗಿ ಅದೇ ಕಾಲೇಜಿನ ಮೇಷ್ಟ್ರು. ಈ ರೂಢಿಯಲ್ಲಿ ಬೆಳೆದವರು ಜರ್ಮನಿಯ ವಿಶ್ವವಿದ್ಯಾಲಯದಿಂದ ಪ್ರವೇಶ ಪತ್ರ ಬಂದ ಮೇಲೆ ಅದರ ಬೆನ್ನಿಗೇ ಕೋಣೆಯ ಪತ್ರವೂ ಬರುತ್ತದೆಂದು ಕಾಯುತ್ತಾರೆ. ಅದು ಬರುವುದಿಲ್ಲ. ಆಗಸ್ಟ್‌ನಲ್ಲಿ ವಿಚಾರಿಸಿದರೆ ವಿಶ್ವವಿದ್ಯಾಲಯದ ಕಚೇರಿ "ಅದು ನಮ್ಮ ಕೆಲಸವಲ್ಲ" ಎಂದು ಒಂದೇ ಸಾಲಿನ ಉತ್ತರ ಕೊಡುತ್ತದೆ. ಉತ್ತರ ಒರಟೆನಿಸಿದರೂ ನಿಜ. ಜರ್ಮನಿಯಲ್ಲಿ ಪಾಠ, ಪರೀಕ್ಷೆ, ಪದವಿ ವಿಶ್ವವಿದ್ಯಾಲಯದ್ದು. ಊಟ, ವಸತಿ, ಸರ್ಕಾರಿ ವಿದ್ಯಾರ್ಥಿ ನೆರವು, ಆಪ್ತಸಮಾಲೋಚನೆ, ವಿದ್ಯಾರ್ಥಿಗಳ ಮಕ್ಕಳಿಗೆ ಶಿಶುವಿಹಾರ, ಇವೆಲ್ಲ ಷ್ಟುಡೀರೆಂಡೆನ್‌ವೆರ್ಕ್ ಎಂಬ ಬೇರೆಯೇ ಸಂಸ್ಥೆಯವು. ಅದಕ್ಕೆ ಬೇರೆ ಕಾನೂನು, ಬೇರೆ ಆಡಳಿತ ಮಂಡಳಿ, ಬೇರೆ ಬ್ಯಾಂಕ್ ಖಾತೆ ಇವೆ. ಅರ್ಜಿ ಮತ್ತು ಕೊನೆಯ ದಿನಾಂಕವೂ ಬೇರೆ.

ಹೆಸರು ಉದ್ದ. ಇಲ್ಲಿಂದ ಮುಂದೆ ಬರೀ ವೆರ್ಕ್ ಎನ್ನೋಣ. ಹಳೆಯ ಹೆಸರು ಷ್ಟುಡೆಂಟೆನ್‌ವೆರ್ಕ್. ಲಿಂಗ ಸೂಚಿಸದ ಪದ ಬೇಕೆಂದು ಬಹುತೇಕ ಕಡೆ ಹೆಸರು ಬದಲಾಗಿದೆ, ಕೆಲವೆಡೆ ಹಳೆಯದೇ ಬಳಕೆಯಲ್ಲಿದೆ. ಇಂಗ್ಲಿಷ್ ಪುಟಗಳಲ್ಲಿ ಇದನ್ನು ಕೆಲವೊಮ್ಮೆ 'ಸ್ಟೂಡೆಂಟ್ ಯೂನಿಯನ್' ಎಂದು ಅನುವಾದಿಸಿರುತ್ತಾರೆ, ಗೊಂದಲ ಹುಟ್ಟುವುದೇ ಅಲ್ಲಿ. ವೆರ್ಕ್ ವಿದ್ಯಾರ್ಥಿ ಸಂಘವಲ್ಲ. ಚುನಾವಣೆ, ಹೋರಾಟ, ಪ್ರಾತಿನಿಧ್ಯ ಆಸ್ಟಾ ಅಥವಾ ಷ್ಟೂರಾ ಎಂಬ ವಿದ್ಯಾರ್ಥಿ ಮಂಡಳಿಗಳ ಕೆಲಸ. ವೆರ್ಕ್ ಸಂಬಳದ ನೌಕರರಿರುವ ಸಾರ್ವಜನಿಕ ಸಂಸ್ಥೆ. ಅಡುಗೆಯವರಿಂದ ಹಿಡಿದು ಮನಶ್ಶಾಸ್ತ್ರಜ್ಞರವರೆಗೆ ಅಲ್ಲಿ ಎಲ್ಲರೂ ಇದ್ದಾರೆ.

ವಾರಾನ್ನದಿಂದ ಮೆನ್ಸಾವರೆಗೆ

ಬಡ ವಿದ್ಯಾರ್ಥಿ ಸೋಮವಾರ ಒಬ್ಬರ ಮನೆಯಲ್ಲಿ, ಮಂಗಳವಾರ ಇನ್ನೊಬ್ಬರ ಮನೆಯಲ್ಲಿ ಉಂಡು ಓದಿದ ವಾರಾನ್ನದ ಕಥೆ ನಮ್ಮ ಅಜ್ಜಂದಿರ ಕಾಲದ್ದು. ಜರ್ಮನಿಯ ಹಳೆಯ ವಿಶ್ವವಿದ್ಯಾಲಯದ ಊರುಗಳಲ್ಲೂ ಇಂಥದೇ ಪದ್ಧತಿಯಿತ್ತು. ಅದರ ಹೆಸರು ಫ್ರೈಟಿಷ್, ಅಂದರೆ ಪುಕ್ಕಟೆ ಊಟದ ಮೇಜು. ಮೊದಲ ಮಹಾಯುದ್ಧ ಮುಗಿದಾಗ ಆ ಮೇಜುಗಳು ಸಾಲದಾದವು. ಯುದ್ಧದಿಂದ ಮರಳಿದ ಯುವಕರು ಸಾವಿರಾರು ಸಂಖ್ಯೆಯಲ್ಲಿ ತರಗತಿಗೆ ಬಂದರು. ಹಣದುಬ್ಬರದಲ್ಲಿ ಮಧ್ಯಮ ವರ್ಗದ ಮನೆಗಳ ಉಳಿತಾಯ ಕರಗಿಹೋಗಿತ್ತು. ಡ್ರೆಸ್ಡೆನ್, ಟ್ಯೂಬಿಂಗೆನ್, ಮ್ಯೂನಿಕ್‌ಗಳಲ್ಲಿ ವಿದ್ಯಾರ್ಥಿಗಳು ಮತ್ತು ಪ್ರಾಧ್ಯಾಪಕರು ಸೇರಿ ಸ್ವಸಹಾಯ ಸಂಘ ಕಟ್ಟಿ ಸಾಮೂಹಿಕ ಅಡುಗೆಮನೆ ತೆರೆದರು. 1921ರಲ್ಲಿ ಇವೆಲ್ಲಕ್ಕೂ ಒಂದು ಕೇಂದ್ರ ಸಂಸ್ಥೆ ಹುಟ್ಟಿತು. 1929ರಲ್ಲಿ ಅದು ಡಾಯ್ಚೆಸ್ ಷ್ಟುಡೆಂಟೆನ್‌ವೆರ್ಕ್ ಎಂಬ ಹೆಸರು ಪಡೆಯಿತು. ಓದುತ್ತಲೇ ದುಡಿಯುವವನಿಗೆ 'ವೆರ್ಕ್‌ಷ್ಟುಡೆಂಟ್' ಎಂಬ ಪದ ಚಾಲ್ತಿಗೆ ಬಂದದ್ದೂ ಆ ದಿನಗಳಲ್ಲೇ. ಇಂದು ಕಂಪನಿಗಳ ಅರೆಕಾಲಿಕ ಕೆಲಸದ ಜಾಹೀರಾತುಗಳಲ್ಲಿ ಕಾಣುವುದು ಅದೇ ಪದ.

1933ರ ನಂತರ ನಾಜಿ ಆಡಳಿತ ಈ ಸ್ವಾಯತ್ತ ಸಂಘಗಳನ್ನು ಒಂದೇ ಕೇಂದ್ರೀಯ ಸಂಸ್ಥೆಯ ಹಿಡಿತಕ್ಕೆ ತಂದಿತು. ಯಹೂದಿ ವಿದ್ಯಾರ್ಥಿಗಳನ್ನು ನೆರವಿನಿಂದ ಹೊರಗಿಟ್ಟಿತು. ಯುದ್ಧದ ನಂತರ ಪಶ್ಚಿಮ ಜರ್ಮನಿಯಲ್ಲಿ ಮತ್ತೆ ಊರೂರಿಗೊಂದು ವೆರ್ಕ್ ಎದ್ದಿತು. ಪೂರ್ವದಲ್ಲಿ ಊಟ, ವಸತಿಯನ್ನು ವಿಶ್ವವಿದ್ಯಾಲಯಗಳೇ ನೋಡಿಕೊಳ್ಳುತ್ತಿದ್ದವು. ಏಕೀಕರಣದ ಹೊತ್ತಿಗೆ, 1990-91ರಲ್ಲಿ, ಅಲ್ಲಿಯೂ ಇವು ಬಂದವು. ಇಂದು ದೇಶದಲ್ಲಿ 57 ವೆರ್ಕ್‌ಗಳಿವೆ. ಡಾಯ್ಚೆಸ್ ಷ್ಟುಡೀರೆಂಡೆನ್‌ವೆರ್ಕ್ ಇವುಗಳ ಒಕ್ಕೂಟ, ಕಚೇರಿ ಬರ್ಲಿನ್‌ನಲ್ಲಿ. ಆದರೆ ಒಕ್ಕೂಟಕ್ಕೆ ಪತ್ರ ಬರೆದರೆ ಕೋಣೆ ಸಿಗದು. ಪ್ರತಿ ವೆರ್ಕ್ ತನ್ನ ರಾಜ್ಯದ ಕಾನೂನಿಗೆ ಒಳಪಟ್ಟಿದ್ದು, ತನ್ನ ವ್ಯಾಪ್ತಿಯಲ್ಲಿ ತಾನೇ ತೀರ್ಮಾನ ಮಾಡುತ್ತದೆ. ಆಡಳಿತ ಮಂಡಳಿಯಲ್ಲಿ ವಿದ್ಯಾರ್ಥಿ ಪ್ರತಿನಿಧಿಗಳಿಗೂ ಸ್ಥಾನವಿದೆ, ಹಾಗಾಗಿ ಶುಲ್ಕ ಏರಿಸುವ ಚರ್ಚೆ ಅವರ ಎದುರಿಗೇ ನಡೆಯುತ್ತದೆ.

ಈ 'ವ್ಯಾಪ್ತಿ' ಎಂಬುದು ಗಮನಿಸಬೇಕಾದ ಮಾತು. ಒಂದು ವೆರ್ಕ್ ಎಂದರೆ ಒಂದು ವಿಶ್ವವಿದ್ಯಾಲಯ ಎಂದಲ್ಲ. ಬರ್ಲಿನ್ನಿನ ವೆರ್ಕ್ ಇಡೀ ನಗರದ ಸಂಸ್ಥೆಗಳನ್ನು ನೋಡಿಕೊಳ್ಳುತ್ತದೆ, ಥ್ಯುರಿಂಗೆನ್ನಿನದು ಇಡೀ ರಾಜ್ಯವನ್ನು. ಮ್ಯೂನಿಕ್‌ನ ವೆರ್ಕ್‌ನ ಪೂರ್ಣ ಹೆಸರಲ್ಲೇ 'ಓಬರ್‌ಬಯರ್ನ್' ಎಂದಿದೆ; ಗಾರ್ಷಿಂಗ್, ಫ್ರೈಸಿಂಗ್, ರೋಸೆನ್‌ಹೈಮ್‌ಗಳೂ ಅದಕ್ಕೇ ಸೇರುತ್ತವೆ. ಹಾಗಾಗಿ ನಿಮ್ಮ ತರಗತಿ ಇರುವ ಊರಿನಿಂದ ತುಸು ದೂರದ ಊರಿನಲ್ಲಿ ಕೋಣೆ ಸಿಗಬಹುದು. ಅದು ತಪ್ಪಿ ಹಂಚಿಕೆಯಾದದ್ದಲ್ಲ. ಅರ್ಜಿಯಲ್ಲಿ ಅಂಥ ಊರನ್ನೂ ಗುರುತು ಮಾಡಿದವರಿಗೆ ಕಾಯುವ ಕಾಲ ಕಡಿಮೆಯಾಗುತ್ತದೆ.

ಖಾಸಗಿ ವಿಶ್ವವಿದ್ಯಾಲಯಕ್ಕೆ ಸೇರುವವರು ಇಲ್ಲೇ ಒಂದು ನಿಮಿಷ ನಿಲ್ಲಬೇಕು. ವೆರ್ಕ್‌ನ ಸೇವೆ ಸಿಗುವುದು ಕಾನೂನಿನ ಪ್ರಕಾರವೋ ಒಪ್ಪಂದದ ಮೂಲಕವೋ ಅದರ ವ್ಯಾಪ್ತಿಗೆ ಸೇರಿದ ಸಂಸ್ಥೆಗಳ ವಿದ್ಯಾರ್ಥಿಗಳಿಗೆ ಮಾತ್ರ. ಖಾಸಗಿ ಸಂಸ್ಥೆ ಆ ಪಟ್ಟಿಯಲ್ಲಿ ಇಲ್ಲದಿದ್ದರೆ ಹಾಸ್ಟೆಲ್ ಅರ್ಜಿಯೇ ಸ್ವೀಕಾರವಾಗದು, ವೆರ್ಕ್‌ನ ಊಟದ ಮನೆಯಾದ ಮೆನ್ಸಾದಲ್ಲಿ ಅತಿಥಿಯ ದರ ತೆರಬೇಕು. 2023-24ರ ಚಳಿಗಾಲದ ಸೆಮಿಸ್ಟರಿನಲ್ಲಿ ಜರ್ಮನಿಯಲ್ಲಿ ಓದುತ್ತಿದ್ದ ಭಾರತೀಯರು 49,483 ಮಂದಿ, ಮರುವರ್ಷ ಸುಮಾರು 59,000. ವಿದೇಶಿ ವಿದ್ಯಾರ್ಥಿಗಳಲ್ಲಿ ನಮ್ಮದೇ ಅತಿ ದೊಡ್ಡ ಗುಂಪು. ಅವರಲ್ಲಿ ಖಾಸಗಿ ಸಂಸ್ಥೆ ಸೇರುವವರೂ ಇದ್ದಾರೆ. ಫೀಸು ಕಟ್ಟುವ ಮೊದಲೇ ಆ ಊರಿನ ವೆರ್ಕ್‌ನ ತಾಣದಲ್ಲಿ ನಿಮ್ಮ ಸಂಸ್ಥೆಯ ಹೆಸರಿದೆಯೇ ಎಂದು ನೋಡಿಕೊಳ್ಳಿ. ಏಜೆಂಟರು ಇದನ್ನು ಹೇಳುವುದು ಅಪರೂಪ.

ಹಣ ಎಲ್ಲಿಂದ, ನಿಮ್ಮ ಪಾಲು ಎಷ್ಟು

ವೆರ್ಕ್ ಲಾಭಕ್ಕಾಗಿ ನಡೆಯುವುದಿಲ್ಲ, ಪೂರ್ತಿ ಸರ್ಕಾರಿ ಹಣದಲ್ಲೂ ನಡೆಯುವುದಿಲ್ಲ. ಆದಾಯದ ದೊಡ್ಡ ಪಾಲು ಬರುವುದು ಹಾಸ್ಟೆಲ್ ಬಾಡಿಗೆ ಮತ್ತು ಊಟದ ಮಾರಾಟದಿಂದ. ರಾಜ್ಯ ಸರ್ಕಾರ ಅನುದಾನ ಕೊಡುತ್ತದೆ. ಉಳಿದದ್ದು ಪ್ರತಿ ವಿದ್ಯಾರ್ಥಿಯೂ ಪ್ರತಿ ಸೆಮಿಸ್ಟರಿಗೆ ಕಟ್ಟುವ ಕಡ್ಡಾಯ ವಂತಿಗೆ. ಮೆನ್ಸಾದ ಕಡೆ ತಲೆ ಹಾಕದವರೂ, ಸ್ವಂತ ಮನೆಯಲ್ಲಿರುವವರೂ ಕಟ್ಟಲೇಬೇಕು. ಇದು ಊರ ಹಬ್ಬದ ಪಟ್ಟಿಯ ಹಾಗೆ. ತೇರಿಗೆ ಹೋಗಲಿಲ್ಲವೆಂದು ವಂತಿಗೆ ವಾಪಸ್ ಕೇಳುವಂತಿಲ್ಲ.

ವಿಶ್ವವಿದ್ಯಾಲಯ ಕಳಿಸುವ ಬಿಲ್ಲಿನಲ್ಲಿ ಇದು ಒಂಟಿಯಾಗಿ ಕಾಣುವುದಿಲ್ಲ. 'ಸೆಮೆಸ್ಟರ್‌ಬೈಟ್ರಾಗ್' ಎಂಬ ಒಟ್ಟು ಮೊತ್ತದೊಳಗೆ ಸಾಮಾನ್ಯವಾಗಿ ಮೂರು ಭಾಗಗಳಿರುತ್ತವೆ: ವೆರ್ಕ್‌ನ ವಂತಿಗೆ, ವಿದ್ಯಾರ್ಥಿ ಮಂಡಳಿಯ ಸಣ್ಣ ವಂತಿಗೆ, ಮತ್ತು ಬಸ್ಸು-ರೈಲಿನ ಸೆಮಿಸ್ಟರ್ ಟಿಕೆಟ್. ಹೆಚ್ಚಿನ ಕಡೆ ಮೂರನೆಯದೇ ದೊಡ್ಡದು. ಇಡೀ ದೇಶದಲ್ಲಿ ನಡೆಯುವ ಡಾಯ್ಚ್‌ಲಾಂಡ್ ಸೆಮಿಸ್ಟರ್ ಟಿಕೆಟ್ಟಿನ ಬೆಲೆ ಸಾಮಾನ್ಯ ಡಾಯ್ಚ್‌ಲಾಂಡ್ ಟಿಕೆಟ್ಟಿನ ಶೇ 60. ಸಾಮಾನ್ಯ ಟಿಕೆಟ್ 58 ಯೂರೊ ಇದ್ದಾಗ ವಿದ್ಯಾರ್ಥಿಗೆ ತಿಂಗಳಿಗೆ 34.80, ಆರು ತಿಂಗಳಿಗೆ 208.80 ಯೂರೊ ಬೀಳುತ್ತಿತ್ತು. ಸಾಮಾನ್ಯ ಟಿಕೆಟ್ಟಿನ ಬೆಲೆ ಏರಿದಂತೆ ಇದೂ ಏರುತ್ತದೆ. ಬವೇರಿಯಾದ ಲೆಕ್ಕ ಬೇರೆ. ಅಲ್ಲಿ ವಂತಿಗೆ ವಸೂಲು ಮಾಡುವ ಅಧಿಕಾರವುಳ್ಳ ವಿದ್ಯಾರ್ಥಿ ಮಂಡಳಿ ಇಲ್ಲ, ಮ್ಯೂನಿಕ್‌ನಲ್ಲಿ ಟಿಕೆಟ್ಟನ್ನೂ ಪ್ರತ್ಯೇಕವಾಗಿ ಕೊಳ್ಳಬೇಕು. ಹಾಗಾಗಿ 2024ರಲ್ಲಿ ಲುಡ್ವಿಗ್ ಮ್ಯಾಕ್ಸಿಮಿಲಿಯನ್ ವಿಶ್ವವಿದ್ಯಾಲಯದ ಬಿಲ್ಲಿನಲ್ಲಿದ್ದದ್ದು ವೆರ್ಕ್‌ನ 85 ಯೂರೊ ಮಾತ್ರ.

ಬೋಧನಾ ಶುಲ್ಕವನ್ನು ಇದರೊಂದಿಗೆ ಬೆರೆಸಬೇಡಿ. ಬಾಡೆನ್-ವುರ್ಟೆಂಬರ್ಗ್ ರಾಜ್ಯ 2017-18ರ ಚಳಿಗಾಲದಿಂದ ಯುರೋಪಿಯನ್ ಒಕ್ಕೂಟದ ಹೊರಗಿನವರಿಂದ ಪಡೆಯುತ್ತಿರುವ ಸೆಮಿಸ್ಟರಿಗೆ 1,500 ಯೂರೊ ಆಗಲಿ, ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯ 2024-25ರಿಂದ ಪಡೆಯುತ್ತಿರುವ ಶುಲ್ಕವಾಗಲಿ ವೆರ್ಕ್‌ಗೆ ಹೋಗುವುದಿಲ್ಲ.

ಹಣ ಕಟ್ಟುವಾಗ ಕೆಡುವುದು ಎರಡು ಕಡೆ. ಒಂದು, ಬ್ಯಾಂಕ್ ಫಾರಂನಲ್ಲಿ ಪಾವತಿಯ ಉದ್ದೇಶ ಬರೆಯುವ ಸಾಲು. ಬಿಲ್ಲಿನಲ್ಲಿ ಕೊಟ್ಟಿರುವ ಸಂಖ್ಯೆಯನ್ನು ಅಕ್ಷರಶಃ ಹಾಕಬೇಕು. ಹೆಸರು, ಕೋರ್ಸು ಎಂದೆಲ್ಲ ಸೇರಿಸಿದರೆ ಯಂತ್ರ ಅದನ್ನು ಹೊಂದಿಸಲಾರದೆ ಹಣ ಎಲ್ಲೋ ತೂಗಾಡುತ್ತದೆ. ಎರಡು, ಭಾರತದಿಂದ ಕಳಿಸುವಾಗಿನ ಬ್ಯಾಂಕ್ ಖರ್ಚು. ಅದನ್ನು ಇಬ್ಬರೂ ಹಂಚಿಕೊಳ್ಳುವ ಆಯ್ಕೆ ಹಾಕಿದರೆ ನಡುವಿನ ಬ್ಯಾಂಕು ಹತ್ತೋ ಹದಿನೈದೋ ಯೂರೊ ಮುರಿದುಕೊಳ್ಳುತ್ತದೆ, ಅಲ್ಲಿಗೆ ತಲುಪುವುದು ಕೊರತೆಯ ಮೊತ್ತ. ಐದು ಯೂರೊ ಕಡಿಮೆಯಾದರೂ ದಾಖಲಾತಿ ಪೂರ್ಣವಾಗದು. ಎಲ್ಲ ಖರ್ಚೂ ಕಳಿಸುವವರದೇ ಎಂಬ ಆಯ್ಕೆಯನ್ನೇ ಕೇಳಿ ಹಾಕಿಸಿ. ಮುಂದಿನ ಸೆಮಿಸ್ಟರುಗಳಿಗೆ ಇದೇ ಪಾವತಿಯ ಹೆಸರು 'ರ್ಯುಕ್‌ಮೆಲ್ಡುಂಗ್', ಅಂದರೆ ಮರು ನೋಂದಣಿ. ಗಡುವು ಮೀರಿದರೆ ದಂಡ, ಎಚ್ಚರಿಕೆಯ ಪತ್ರವನ್ನೂ ಕಡೆಗಣಿಸಿದರೆ ಹೆಸರೇ ಪಟ್ಟಿಯಿಂದ ಹೊರಕ್ಕೆ. ಹೆಸರು ಹೋದರೆ ಹಾಸ್ಟೆಲ್ ಒಪ್ಪಂದ, ವೀಸಾ ಎರಡರ ಬುಡವೂ ಅಲುಗಾಡುತ್ತದೆ.

ಕೋಣೆ

ವೆರ್ಕ್‌ಗಳ ಬಳಿ ದೇಶದಾದ್ಯಂತ ಸುಮಾರು 1,96,000 ಹಾಸಿಗೆಗಳಿವೆ, ವಿದ್ಯಾರ್ಥಿಗಳು 28 ಲಕ್ಷಕ್ಕೂ ಹೆಚ್ಚು. 2007ರ ಸುಮಾರಿಗೆ ವಿದ್ಯಾರ್ಥಿಗಳು 19 ಲಕ್ಷದಷ್ಟಿದ್ದರು. ಅವರ ಸಂಖ್ಯೆ ಬೆಳೆದ ವೇಗದಲ್ಲಿ ಕಟ್ಟಡಗಳು ಏಳಲಿಲ್ಲ. ಇದ್ದ ಕಟ್ಟಡಗಳಲ್ಲಿ ಎಷ್ಟೋ 1960-70ರ ದಶಕದವು, ಈಗ ಅವೆಲ್ಲ ಒಟ್ಟಿಗೇ ರಿಪೇರಿಗೆ ಬಂದಿವೆ. ಮ್ಯೂನಿಕ್‌ನ ಷ್ಟುಡೆಂಟೆನ್‌ಷ್ಟಾಟ್ ಫ್ರೈಮಾನ್ ದೇಶದ ಅತಿ ದೊಡ್ಡ ವಿದ್ಯಾರ್ಥಿ ವಸತಿ ಸಮುಚ್ಚಯ, ಸುಮಾರು 2,500 ಜನರಿಗೆ ಕಟ್ಟಿದ್ದು. 2021ರ ಫೆಬ್ರವರಿಯಲ್ಲಿ ಅಲ್ಲಿನ ಒಂದು ಎತ್ತರದ ಕಟ್ಟಡಕ್ಕೆ ಬೆಂಕಿ ಬಿದ್ದ ಮೇಲೆ, ಜೊತೆಗೆ ಬೇರೆ ಕಟ್ಟಡಗಳ ತಾಂತ್ರಿಕ ದೋಷಗಳಿಂದಾಗಿ, ಸಾವಿರಕ್ಕೂ ಹೆಚ್ಚು ಕೋಣೆಗಳು ವರ್ಷಗಟ್ಟಲೆ ಖಾಲಿ ಬಿದ್ದವು. ಅದೇ ನಗರದಲ್ಲಿ 1972ರ ಒಲಿಂಪಿಕ್ಸ್‌ಗೆ ಬಂದ ಕ್ರೀಡಾಪಟುಗಳಿಗಾಗಿ ಕಟ್ಟಿದ ಮಹಿಳಾ ಗ್ರಾಮದ ಜಾಗದಲ್ಲಿ ಇಂದು 1,052 ಪುಟಾಣಿ ಬಂಗಲೆಗಳಿವೆ. ಒಬ್ಬರಿಗೊಂದು, ಎರಡು ಮಟ್ಟದ ಮನೆ. ಮನೆಯ ಮುಂಭಾಗದ ಗೋಡೆಗೆ ಅಲ್ಲಿ ವಾಸಿಸುವವರೇ ಬಣ್ಣ ಬಳಿದು ಚಿತ್ರ ಬರೆದುಕೊಳ್ಳಬಹುದು. ಇದಕ್ಕೆ ಕಾಯುವವರ ಸಾಲು ಉದ್ದವಿರುವುದರಲ್ಲಿ ಅಚ್ಚರಿಯೇನಿಲ್ಲ.

ಜನ ಕಾಯುವುದು ದರದ ಆಸೆಗೆ. ವೆರ್ಕ್‌ನ ಬಾಡಿಗೆ 'ವಾರ್ಮ್‌ಮೀಟೆ', ಅಂದರೆ ಬಿಸಿ ಬಾಡಿಗೆ: ಹೀಟರು, ನೀರು, ಸಾಮಾನ್ಯವಾಗಿ ವಿದ್ಯುತ್ತು ಮತ್ತು ಇಂಟರ್‌ನೆಟ್ ಕೂಡ ಸೇರಿರುತ್ತದೆ. ಖಾಸಗಿ ಜಾಹೀರಾತಿನಲ್ಲಿ ಕಾಣುವುದು ಹಲವು ಸಲ 'ಕಾಲ್ಟ್‌ಮೀಟೆ', ತಣ್ಣನೆಯ ಬಾಡಿಗೆ. ಅದರ ಮೇಲೆ ಉಳಿದ ಖರ್ಚೆಲ್ಲ ಬೇರೆ. ಎರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸಿದರೆ ಮೋಸ ಹೋಗುತ್ತೀರಿ.

ಅರ್ಜಿಯ ವಿಷಯದಲ್ಲಿ ಊರಿಗೊಂದು ನಿಯಮ. ಕೆಲವು ವೆರ್ಕ್‌ಗಳು ಪ್ರವೇಶ ಪತ್ರಕ್ಕೆ ಮೊದಲೇ ಅರ್ಜಿ ತೆಗೆದುಕೊಂಡು, ಪತ್ರವನ್ನು ಆಮೇಲೆ ಕೇಳುತ್ತವೆ. ಕೆಲವು ಪತ್ರವಿಲ್ಲದೆ ಮುಟ್ಟುವುದೇ ಇಲ್ಲ. ಕೆಲವು ಕಡೆ ಕಾಯುವ ಪಟ್ಟಿ, ಕೆಲವು ಕಡೆ ನಿಗದಿತ ಅವಧಿಯೊಳಗಿನ ಅರ್ಜಿಗಳಲ್ಲಿ ಚೀಟಿ ಎತ್ತುತ್ತಾರೆ. ಪಟ್ಟಿಯಿರುವ ಊರುಗಳಲ್ಲಿ ಹಲವು ಸಲ ಆಗಾಗ ಲಾಗಿನ್ ಆಗಿ "ಇನ್ನೂ ಬೇಕು" ಎಂದು ದೃಢಪಡಿಸುತ್ತಿರಬೇಕು. ಒಂದು ಸಲ ತಪ್ಪಿದರೆ ಹೆಸರು ಅಳಿಸಿಹೋಗಿ, ಎರಡು ಸೆಮಿಸ್ಟರ್ ಕಾದದ್ದು ನೀರ ಮೇಲಿನ ಹೋಮ. ಕೋಣೆ ಸಿಕ್ಕಿದೆ ಎಂಬ ಮಿಂಚಂಚೆಗೂ ಕೆಲವೇ ದಿನಗಳ ಗಡುವಿರುತ್ತದೆ. ಅದು ಸ್ಪ್ಯಾಮ್ ಡಬ್ಬಿಯಲ್ಲಿ ಬಿದ್ದಿತ್ತು ಎಂಬ ಸಬೂಬನ್ನು ಯಾರೂ ಕೇಳುವುದಿಲ್ಲ.

ಯಾವ ಬಗೆಯ ಕೋಣೆ ಕೇಳಬೇಕು? ಮೂರು ಬಗೆ ಸಾಮಾನ್ಯ. ಉದ್ದ ಕಾರಿಡಾರಿನಲ್ಲಿ ಒಂಟಿ ಕೋಣೆ, ಅಡುಗೆಮನೆ ಹತ್ತು ಹದಿನೈದು ಜನಕ್ಕೆ ಒಂದು; ಇದು ಅಗ್ಗ, ಬೇಗ ಸಿಗುತ್ತದೆ. 'ವೇಗೇ' ಎಂದರೆ ಎರಡರಿಂದ ಆರು ಜನ ಹಂಚಿಕೊಳ್ಳುವ ಮನೆ, ಕೋಣೆ ಒಬ್ಬೊಬ್ಬರಿಗೆ ಪ್ರತ್ಯೇಕ. ಸ್ವಂತ ಅಡುಗೆ ಮೂಲೆ, ಬಚ್ಚಲು ಇರುವ ಅಪಾರ್ಟ್‌ಮೆಂಟ್ ದುಬಾರಿ, ಎಲ್ಲರೂ ಕೇಳುವುದು ಅದನ್ನೇ. ಅದೊಂದನ್ನೇ ಗುರುತಿಸಿ ಕೂತವರು ಕೊನೆಗೆ ಖಾಸಗಿ ಕೋಣೆಗೆ ಎರಡರಷ್ಟು ತೆತ್ತದ್ದು ಬೇಕಾದಷ್ಟಿದೆ. ಮೊದಲ ಸೆಮಿಸ್ಟರಿಗೆ ಮೂರೂ ಬಗೆಗೆ ಟಿಕ್ ಹಾಕಿ. ಒಳಗೆ ಬಂದ ಮೇಲೆ ಬದಲಾವಣೆ ಕೇಳಬಹುದು.

ಮೊದಲ ತಿಂಗಳ ಲೆಕ್ಕವನ್ನು ಬೆಂಗಳೂರಿನಿಂದ ಹೊರಡುವ ಮೊದಲೇ ಕಾಗದದ ಮೇಲೆ ಮಾಡಿ. ವೀಸಾಕ್ಕಾಗಿ ತೆರೆಯುವ ಬ್ಲಾಕ್ಡ್ ಅಕೌಂಟಿನಲ್ಲಿ 2024ರ ಸೆಪ್ಟೆಂಬರಿನಿಂದ ವರ್ಷಕ್ಕೆ 11,904 ಯೂರೊ ಇಡಬೇಕು. ಆದರೆ ಅದು ಬಿಡುಗಡೆಯಾಗುವುದು ತಿಂಗಳಿಗೆ 992 ಮಾತ್ರ, ಅದೂ ಅಲ್ಲಿನ ಸಾಮಾನ್ಯ ಖಾತೆ ತೆರೆದ ಮೇಲೆ. ಹಾಸ್ಟೆಲಿಗೆ ಮುಂಗಡ 600, ಬಾಡಿಗೆ 350, ಸೆಮಿಸ್ಟರ್ ಬಿಲ್ಲು 300 ಎಂದಿಟ್ಟುಕೊಳ್ಳಿ. 1,250 ಆಯಿತು, ಇನ್ನೂ ಹೊಟ್ಟೆಗೆ ಹಾಕಿಲ್ಲ. 'ಕೌಟ್ಸಿಯೋನ್' ಎಂಬ ಈ ಮುಂಗಡ ಕಾನೂನಿನ ಪ್ರಕಾರ ಮೂರು ತಿಂಗಳ ತಣ್ಣನೆಯ ಬಾಡಿಗೆಯನ್ನು ಮೀರುವಂತಿಲ್ಲ. ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ಅಭ್ಯಾಸವಿರುವ ಬೆಂಗಳೂರಿನವರಿಗೆ ಇದು ಹಗುರವೆನಿಸೀತು. ಆದರೂ ಆ ಹಣ ಬ್ಲಾಕ್ಡ್ ಅಕೌಂಟಿನ ಹೊರಗೆ, ಕೈಗೆಟುಕುವಂತೆ ಇರಬೇಕು. ವೆರ್ಕ್ ಹಣ ಕೇಳುವುದು ಲಿಖಿತ ಒಪ್ಪಂದದೊಂದಿಗೆ, ಸಂಸ್ಥೆಯ ಹೆಸರಿನ ಖಾತೆಗೆ. "ನಾನೀಗ ಊರಲ್ಲಿಲ್ಲ, ಮುಂಗಡ ಕಳಿಸಿ, ಕೀಲಿ ಕೊರಿಯರ್ ಮಾಡುತ್ತೇನೆ" ಎನ್ನುವವರು ಯಾರೇ ಆಗಿರಲಿ, ವೆರ್ಕ್ ಅಲ್ಲ.

ವಿಮಾನದ ಟಿಕೆಟ್ ತೆಗೆಯುವಾಗ ಕೀಲಿಯ ನೆನಪಿರಲಿ. ಕೀಲಿ ಇರುವುದು ಕಟ್ಟಡ ನೋಡಿಕೊಳ್ಳುವ 'ಹೌಸ್‌ಮೈಸ್ಟರ್' ಬಳಿ. ಅವರು ಸಿಗುವುದು ವಾರದ ದಿನಗಳ ನಿಗದಿತ ವೇಳೆಯಲ್ಲಿ, ಹಲವು ಕಡೆ ಮುಂಚಿತವಾಗಿ ಸಮಯ ಗೊತ್ತುಮಾಡಿಕೊಂಡರೆ ಮಾತ್ರ. ಚಳಿಗಾಲದ ಸೆಮಿಸ್ಟರಿನ ಒಪ್ಪಂದಗಳು ಹೆಚ್ಚಾಗಿ ಶುರುವಾಗುವುದು ಅಕ್ಟೋಬರ್ 1ಕ್ಕೆ, ಅಕ್ಟೋಬರ್ 3 ದೇಶದ ಏಕೀಕರಣ ದಿನದ ರಜೆ. ಅದು ಶುಕ್ರವಾರ ಬಂದ ವರ್ಷ ಗುರುವಾರ ಸಂಜೆ ಇಳಿದವರಿಗೆ ಸೋಮವಾರದವರೆಗೆ ಹಾಸ್ಟೆಲಿನ ಬಾಗಿಲು ತೆರೆಯದು. ಕೋಣೆಯಲ್ಲಿ ಮಂಚ, ಹಾಸಿಗೆ, ಮೇಜು, ಕಪಾಟು ಇರುತ್ತವೆ. ದಿಂಬು, ರಜಾಯಿ, ಪಾತ್ರೆ ಇರುವುದಿಲ್ಲ.

ಕೀಲಿ ಪಡೆಯುವಾಗ ಕೋಣೆಯ ಸ್ಥಿತಿ ಬರೆದ 'ಯೂಬರ್‌ಗಾಬೆಪ್ರೊಟೊಕೋಲ್' ಎಂಬ ಹಾಳೆಗೆ ಸಹಿ ಹಾಕಿಸಿಕೊಳ್ಳುತ್ತಾರೆ. ಗೀರು, ಕಲೆ, ಒಡೆದ ಹಿಡಿಕೆ, ಏನೇ ಕಂಡರೂ ಅದರಲ್ಲಿ ಬರೆಸಿ ಫೋಟೊ ತೆಗೆದಿಟ್ಟುಕೊಳ್ಳಿ. ಅಲ್ಲಿ ಬರೆಯದಿದ್ದದ್ದು ಎರಡು ವರ್ಷದ ನಂತರ ನಿಮ್ಮ ತಲೆಗೇ ಬರುತ್ತದೆ. ಇನ್ನೊಂದು ಕಾಗದ ಕೇಳಿ ಪಡೆಯಬೇಕು: ಮನೆ ಕೊಟ್ಟವರ ದೃಢೀಕರಣ, ಅವರ ಬಾಯಲ್ಲಿ 'ವೋನುಂಗ್ಸ್‌ಗೇಬರ್‌ಬೆಷ್ಟೇಟಿಗುಂಗ್'. ಇದಿಲ್ಲದೆ ನಗರಸಭೆಯಲ್ಲಿ ವಿಳಾಸ ನೋಂದಣಿ ಆಗದು. ಆ ನೋಂದಣಿಯನ್ನು ಮನೆಗೆ ಬಂದ ಎರಡು ವಾರದೊಳಗೆ ಮಾಡಬೇಕೆಂಬುದು ಕಾನೂನು, ಮುಂದೆ ವಾಸದ ಪರವಾನಗಿಗೂ ಅದೇ ಬುನಾದಿ. ನೋಂದಣಿಯಾದ ಕೆಲ ವಾರಕ್ಕೆ ರೇಡಿಯೊ-ಟಿವಿ ವಂತಿಗೆಯ ಪತ್ರ ಬರುತ್ತದೆ: ಒಂದು ಮನೆಗೆ ತಿಂಗಳಿಗೆ 18.36 ಯೂರೊ, ಟಿವಿ ಇರಲಿ ಬಿಡಲಿ. ವೇಗೇಯಲ್ಲಿರುವವರು ಮನೆಗೆ ಒಂದರಂತೆ ಕಟ್ಟಿ ಹಂಚಿಕೊಳ್ಳಬಹುದು. ಎಲ್ಲರಿಗೂ ತೆರೆದಿರುವ ಕಾರಿಡಾರಿಗೆ ಬಾಗಿಲಿರುವ ಕೋಣೆಯನ್ನು ಮಾತ್ರ ಪ್ರತ್ಯೇಕ ಮನೆಯೆಂದೇ ಲೆಕ್ಕ ಹಾಕುತ್ತಾರೆ. ಪತ್ರವನ್ನು ಜಾಹೀರಾತೆಂದು ಎಸೆದರೆ ಬಾಕಿ ಬೆಳೆಯುತ್ತ ಹೋಗುತ್ತದೆ.

ಒಳಗಿನ ಬದುಕಿನಲ್ಲಿ ನಮ್ಮವರು ಎಡವುವ ಕಡೆ ಎರಡಿವೆ. ಮೊದಲನೆಯದು ಒಗ್ಗರಣೆ. ಎಣ್ಣೆ ಕಾದು, ಸಾಸಿವೆ ಸಿಡಿದು, ಒಣಮೆಣಸಿನಕಾಯಿಯ ಘಾಟೆದ್ದಾಗ ಸಹಜವಾಗಿ ಅಡುಗೆಮನೆಯ ಬಾಗಿಲು ತೆರೆಯುತ್ತೇವೆ. ಹೊಗೆ ಕಾರಿಡಾರಿಗೆ ನುಗ್ಗುತ್ತದೆ, ಹೊಗೆ ಗುರುತಿಸುವ ಯಂತ್ರಗಳು ಇರುವುದು ಅಲ್ಲೇ. ಅದು ಅಗ್ನಿಶಾಮಕ ದಳಕ್ಕೆ ನೇರ ಜೋಡಣೆಯಾಗಿದ್ದರೆ ಐದಾರು ನಿಮಿಷದಲ್ಲಿ ವಾಹನ ಬಂದು ನಿಲ್ಲುತ್ತದೆ, ಖರ್ಚಿನ ಬಿಲ್ಲು ಕಾರಣರಾದವರಿಗೆ ಬರಬಹುದು. ಬಾಗಿಲು ಮುಚ್ಚಿ, ಕಿಟಕಿ ಪೂರ್ತಿ ತೆರೆದು, ಒಲೆಯನ್ನು ಮಧ್ಯಮ ಉರಿಯಲ್ಲಿಟ್ಟು ಒಗ್ಗರಣೆ ಹಾಕಿ. ಎರಡನೆಯದು ಬೂಷ್ಟು. ಚಳಿಗೆ ಕಿಟಕಿ ಬಿಗಿಯಾಗಿ ಮುಚ್ಚಿ ಕೋಣೆಯೊಳಗೇ ಬಟ್ಟೆ ಒಣಹಾಕಿದರೆ ಉಸಿರಿನ ಮತ್ತು ಬಟ್ಟೆಯ ತೇವ ತಣ್ಣನೆಯ ಹೊರಗೋಡೆಗೆ ಅಂಟಿ, ಕಪಾಟಿನ ಹಿಂದೆ ಕರಿ ಬೂಷ್ಟು ಹಬ್ಬುತ್ತದೆ. ಕಿಟಕಿಯನ್ನು ದಿನವಿಡೀ ಓರೆಯಾಗಿ ಇಡುವುದರಿಂದಲೂ ಗೋಡೆ ತಣಿದು ಅದೇ ಗತಿ. ದಿನಕ್ಕೆ ಎರಡು ಮೂರು ಸಲ ಹೀಟರು ಆರಿಸಿ, ಕಿಟಕಿ ಪೂರ್ತಿ ತೆರೆದು, ಐದರಿಂದ ಹತ್ತು ನಿಮಿಷ ಗಾಳಿಯಾಡಿಸಿ ಮುಚ್ಚುವುದೇ ದಾರಿ. 'ಷ್ಟೋಸ್‌ಲ್ಯುಫ್ಟೆನ್' ಎಂಬ ಈ ಪದ ಒಪ್ಪಂದದಲ್ಲೇ ಇರುವುದುಂಟು. ಗಾಳಿಯಾಡಿಸದೆ ಬಂದ ಬೂಷ್ಟಿನ ರಿಪೇರಿ ಬಾಡಿಗೆದಾರರ ಹೊಣೆ.

ಮೆನ್ಸಾ

ಮೆನ್ಸಾ ಎಂದರೆ ವೆರ್ಕ್‌ನ ಊಟದ ಮನೆ. ಒಂದೇ ತಟ್ಟೆಗೆ ಮೂರು ದರ: ವಿದ್ಯಾರ್ಥಿ, ನೌಕರ, ಅತಿಥಿ. ವಿದ್ಯಾರ್ಥಿಗೆ ಮುಖ್ಯ ಊಟ ಹೆಚ್ಚಿನ ಕಡೆ ಎರಡರಿಂದ ಐದು ಯೂರೊ ಒಳಗೆ. ಲೋವರ್ ಸ್ಯಾಕ್ಸನಿ ರಾಜ್ಯದಲ್ಲಿ 2022-23ರ ಚಳಿಗಾಲದಿಂದ ಸರ್ಕಾರದ ನೆರವಿನಲ್ಲಿ 2.50 ಯೂರೊದ ಊಟವೂ ಬಂತು. ಸಲಾಡ್, ಪಲ್ಯದ ಸಾಲುಗಳಲ್ಲಿ ತೂಕಕ್ಕೆ ದರ. ಆಲೂಗಡ್ಡೆ, ಸಾರಿನಂಥ ಭಾರದ್ದು ತುಂಬಿಕೊಂಡರೆ ಅಗ್ಗದ ಊಟ ಅಗ್ಗವಾಗಿ ಉಳಿಯದು.

ಪಾವತಿ ಹೆಚ್ಚಾಗಿ ಕಾರ್ಡಿನಿಂದ. ನಿಮ್ಮ ದರ ಯಾವುದೆಂಬುದು ವಿದ್ಯಾರ್ಥಿ ಕಾರ್ಡಿನ ಚಿಪ್ಪಿನಲ್ಲಿ ಬರೆದಿರುತ್ತದೆ. ಮರು ನೋಂದಣಿ ಮಾಡಿಯೂ, ಕಾರ್ಡನ್ನು ನವೀಕರಿಸುವ ಯಂತ್ರಕ್ಕೆ ಹಾಕಲು ಮರೆತರೆ ಏಪ್ರಿಲ್ ಅಥವಾ ಅಕ್ಟೋಬರಿನ ಮೊದಲ ದಿನ ಗಲ್ಲಾಪೆಟ್ಟಿಗೆ ನಿಮ್ಮನ್ನು ಅತಿಥಿಯೆಂದೇ ಭಾವಿಸಿ ಹೆಚ್ಚು ಕತ್ತರಿಸುತ್ತದೆ. ಊಟದ ಹೊತ್ತು 11ರ ಸುಮಾರಿನಿಂದ 2ರವರೆಗೆ. 12ರಿಂದ 1ರ ನಡುವೆ ಸಾಲು ಉದ್ದ, ಒಂದೂವರೆಯ ನಂತರ ಆಯ್ಕೆ ಕಡಿಮೆ.

ಸಸ್ಯಾಹಾರಿಗಳಿಗೆ ಒಂದು ಮಾತು. ಅಲ್ಲಿ 'ವೆಗೆಟಾರಿಷ್' ಎಂದರೆ ಮೊಟ್ಟೆ ಸೇರುತ್ತದೆ. ಪನ್ನೀರಿನಂತೆ ಕಾಣುವ ಚೀಸಿನಲ್ಲಿ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಇರಲೂಬಹುದು. ಮೊಟ್ಟೆಯನ್ನೂ ಮುಟ್ಟದವರಿಗೆ ಸುಲಭದ ಗುರುತು 'ವೆಗಾನ್'. ಹಾಲು ಮೊಸರು ಬೇಕಾದರೆ ಪಕ್ಕಕ್ಕೆ ಕೊಂಡರಾಯಿತು. ಯುರೋಪಿಯನ್ ಒಕ್ಕೂಟದ ನಿಯಮದಂತೆ 14 ಬಗೆಯ ಅಲರ್ಜಿಕಾರಕಗಳನ್ನು ಪಟ್ಟಿಯಲ್ಲಿ ಸೂಚಿಸಲೇಬೇಕು. ಮೊಟ್ಟೆ, ಮೀನು, ಹಾಲು, ಸಾಸಿವೆ, ಎಳ್ಳು ಅದರಲ್ಲಿವೆ. ಅಕ್ಷರ, ಅಂಕಿಗಳ ಸಂಕೇತ ಒಂದೊಂದು ವೆರ್ಕ್‌ನಲ್ಲಿ ಒಂದೊಂದು ಬಗೆ, ಒಂದೂರಿನದನ್ನು ಬಾಯಿಪಾಠ ಮಾಡಿ ಇನ್ನೊಂದೂರಿನಲ್ಲಿ ನಂಬಬೇಡಿ. ಈರುಳ್ಳಿ, ಬೆಳ್ಳುಳ್ಳಿ ಆ ಹದಿನಾಲ್ಕರಲ್ಲಿಲ್ಲ, ಅವು ಬೇಡದವರು ಕೌಂಟರಿನಲ್ಲಿ ಕೇಳಲೇಬೇಕು. ಬರ್ಲಿನ್‌ನ ಮೆನ್ಸಾಗಳು 2021ರ ಚಳಿಗಾಲದಲ್ಲಿ ಪಟ್ಟಿಯ ಬಹುಪಾಲನ್ನು ಸಸ್ಯಾಹಾರಕ್ಕೆ ತಿರುಗಿಸಿದಾಗ ಅಲ್ಲಿನ ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು. ದರ್ಶಿನಿಯಲ್ಲಿ ಉಂಡು ಬೆಳೆದವರಿಗೆ ಅದರಲ್ಲಿ ಸುದ್ದಿಯೇನಿದೆ ಎನಿಸುವುದು ಸಹಜ.

ಬಾಫೋಗ್: ಯಾರಿಗೆ ಉಂಟು, ಯಾರಿಗಿಲ್ಲ

1971ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿರುವ ಸರ್ಕಾರಿ ವಿದ್ಯಾರ್ಥಿ ನೆರವಿನ ಕಾನೂನಿಗೆ ಆಡುಮಾತಿನ ಹೆಸರು ಬಾಫೋಗ್. ಹಣ ಸರ್ಕಾರದ್ದು, ಅರ್ಜಿ ಪರಿಶೀಲಿಸಿ ಮಂಜೂರು ಮಾಡುವ ಕಚೇರಿ ಬಹುತೇಕ ರಾಜ್ಯಗಳಲ್ಲಿ ವೆರ್ಕ್‌ನೊಳಗಿದೆ. ತಂದೆತಾಯಿಯ ಆದಾಯ ನೋಡಿ ಮೊತ್ತ ಗೊತ್ತುಮಾಡುತ್ತಾರೆ. 2024ರ ಚಳಿಗಾಲದ ಸೆಮಿಸ್ಟರಿನಿಂದ ಮೂಲ ಖರ್ಚಿಗೆ 475, ಮನೆಯಿಂದ ಹೊರಗಿರುವವರಿಗೆ ವಸತಿಗೆ 380, ಸ್ವಂತ ವಿಮೆ ಇದ್ದರೆ 137, ಒಟ್ಟು ಗರಿಷ್ಠ 992 ಯೂರೊ. ಬ್ಲಾಕ್ಡ್ ಅಕೌಂಟಿನ 992 ಎಲ್ಲಿಂದ ಬಂತೆಂದು ಈಗ ಗೊತ್ತಾಯಿತಲ್ಲ, ಅದು ಇದೇ ಅಂಕಿ. ಮ್ಯೂನಿಕ್‌ನಂಥ ನಗರದ ಖಾಸಗಿ ಕೋಣೆ 380ಕ್ಕೆ ಸಿಗುವುದಿಲ್ಲ ಎಂಬ ದೂರು ಜರ್ಮನ್ ವಿದ್ಯಾರ್ಥಿಗಳದ್ದೂ ಹೌದು. ಆ 992ನ್ನೇ 'ಸಾಕಾಗುವ ಖರ್ಚು' ಎಂದು ನಂಬಿ ಹೊರಡುವ ನಮ್ಮವರಿಗೂ ಆ ದೂರು ಅನ್ವಯಿಸುತ್ತದೆ.

ಈ ನೆರವಿನಲ್ಲಿ ಅರ್ಧ ಅನುದಾನ, ಅರ್ಧ ಬಡ್ಡಿಯಿಲ್ಲದ ಸಾಲ. ಮರುಪಾವತಿ ಹೆಚ್ಚೆಂದರೆ 10,010 ಯೂರೊ. ಅರ್ಜಿ ಹಾಕಿದ ತಿಂಗಳಿಂದ ಮಾತ್ರ ಹಣ, ಹಿಂದಿನ ತಿಂಗಳದ್ದು ಸಿಗದು. ಅದಕ್ಕೇ ಜಾಣರು ದಾಖಲೆಗಳು ಅರ್ಧ ಇದ್ದಾಗಲೇ ಅರ್ಜಿ ಹಾಕಿ ತಾರೀಖು ಉಳಿಸಿಕೊಂಡು, ಉಳಿದದ್ದನ್ನು ಆಮೇಲೆ ಕೊಡುತ್ತಾರೆ.

ಭಾರತದಿಂದ ಓದಲೆಂದೇ ವಿದ್ಯಾರ್ಥಿ ಪರವಾನಗಿಯಲ್ಲಿ ಹೋದವರಿಗೆ ಇದು ಸಾಮಾನ್ಯವಾಗಿ ಇಲ್ಲ. ಆದರೆ ಕೆಲಸಕ್ಕೆ ಹೋಗಿ ನೆಲೆಸಿದ ಕನ್ನಡಿಗರ ಮಕ್ಕಳು ಅಲ್ಲೇ ಶಾಲೆ ಮುಗಿಸಿ ಕಾಲೇಜಿಗೆ ಬರುವ ಕಾಲವಿದು. ಖಾಯಂ ವಾಸದ ಹಕ್ಕಿದ್ದರೆ, ಅಥವಾ ಅಪ್ಪನೋ ಅಮ್ಮನೋ ಅಲ್ಲಿ ಕಾನೂನು ಹೇಳುವಷ್ಟು ವರ್ಷ ದುಡಿದಿದ್ದರೆ, ಪಾಸ್‌ಪೋರ್ಟ್ ಭಾರತದ್ದಾದರೂ ದಾರಿ ಇದೆ. "ನಾವು ವಿದೇಶಿಯರು, ನಮಗೆಲ್ಲಿ" ಎಂದು ಕೇಳದೆ ಬಿಡಬೇಡಿ.

ಕಷ್ಟಕ್ಕೆ ಬಾಗಿಲು

ಆಪ್ತಸಮಾಲೋಚನೆಯೂ ವೆರ್ಕ್‌ನ ಸೇವೆ, ನಮ್ಮ ಹುಡುಗ ಹುಡುಗಿಯರು ಮರೆಯಬಾರದ್ದು. ನವೆಂಬರಿನಲ್ಲಿ ನಾಲ್ಕೂವರೆಗೇ ಕತ್ತಲು, ಮೊದಲ ಪರೀಕ್ಷೆಯಲ್ಲಿ ನಪಾಸು, ಊರಿನ ಸಾಲದ ಕಂತು ತಲೆ ಮೇಲೆ. ಇಂಥ ಹೊತ್ತಿನಲ್ಲಿ ಮಾತಾಡಲು ತರಬೇತಾದವರು ಅಲ್ಲಿದ್ದಾರೆ. ಶುಲ್ಕವಿಲ್ಲ, ಹಲವು ಕಡೆ ಇಂಗ್ಲಿಷಿನಲ್ಲೂ ಸಿಗುತ್ತದೆ, ವಿಷಯ ವಿಶ್ವವಿದ್ಯಾಲಯಕ್ಕೂ ವೀಸಾ ಕಚೇರಿಗೂ ಹೋಗುವುದಿಲ್ಲ. ಆದರೆ ಇದು ಕೆಲವೇ ಭೇಟಿಗಳ ಸಮಾಲೋಚನೆ. ದೀರ್ಘ ಚಿಕಿತ್ಸೆ ಬೇಕಾದರೆ ಅದು ಆರೋಗ್ಯ ವಿಮೆಯ ಮೂಲಕ, ಅದಕ್ಕೆ ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ. ಆದ್ದರಿಂದ ಪೂರ್ತಿ ಕುಸಿಯುವ ತನಕ ಕಾಯದೆ ಮೊದಲೇ ಹೋಗುವುದು ಲೇಸು.

'ಸೋಝಿಯಾಲ್‌ಬೆರಾಟುಂಗ್' ಎಂಬ ಇನ್ನೊಂದು ಮೇಜಿದೆ. ಗರ್ಭಿಣಿಯಾದರೆ ಓದಿನ ಗತಿ ಏನು, ಕೆಲಸದ ದಿನಗಳ ಮಿತಿ ದಾಟಿದರೆ ಏನಾಗುತ್ತದೆ, ಅಂಗವೈಕಲ್ಯವಿದ್ದರೆ ಯಾವ ಸೌಲಭ್ಯ, ಇಂಥ ಪ್ರಶ್ನೆಗಳಿಗೆ ಅಲ್ಲಿ ಉತ್ತರ ಸಿಗುತ್ತದೆ. ಯುರೋಪಿಯನ್ ಒಕ್ಕೂಟದ ಹೊರಗಿನ ವಿದ್ಯಾರ್ಥಿಗೆ 2024ರ ಮಾರ್ಚ್‌ನಿಂದ ವರ್ಷಕ್ಕೆ 140 ಪೂರ್ತಿ ಅಥವಾ 280 ಅರ್ಧ ದಿನ ದುಡಿಯಲು ಅವಕಾಶ. ಹಠಾತ್ತನೆ ಕೈ ಖಾಲಿಯಾದವರಿಗೆ ಕೆಲವು ವೆರ್ಕ್‌ಗಳಲ್ಲಿ ಸಣ್ಣ ಮೊತ್ತದ ತುರ್ತು ನಿಧಿ ಇದೆ, ಸಾಲ ಕೊಡುವ ನಿಧಿಗಳೂ ಇವೆ. ಸಾಲಕ್ಕೆ ಜರ್ಮನಿಯಲ್ಲಿರುವ ಜಾಮೀನುದಾರರನ್ನು ಕೇಳುವುದುಂಟು, ಹೊಸಬರು ಮುಗ್ಗರಿಸುವುದು ಅಲ್ಲೇ. ಬಾಡಿಗೆ ಬಾಕಿ ಬೀಳುವ ಸೂಚನೆ ಕಂಡಾಗಲೇ ಹೋಗಿ ಹೇಳಿದರೆ ಕಂತಿಗೆ ಒಪ್ಪುವುದು ಸುಲಭ. ಖಾತೆಯಲ್ಲಿ ಹಣವಿಲ್ಲದೆ ಬಾಡಿಗೆಯ ಸ್ವಯಂ ಕಡಿತ ಎರಡು ತಿಂಗಳು ತಿರಸ್ಕೃತವಾದ ಮೇಲೆ ಹೋದರೆ ಮಾತು ಒಪ್ಪಂದ ರದ್ದತಿಯದ್ದಾಗಿರುತ್ತದೆ.

ಬಿಡುವಾಗ

ಹಾಸ್ಟೆಲ್ ಒಪ್ಪಂದಕ್ಕೆ ಗರಿಷ್ಠ ಅವಧಿ ಇರುತ್ತದೆ, ಆ ಅವಧಿ ಮುಗಿದರೆ ಓದು ಮುಗಿಯದಿದ್ದರೂ ಜಾಗ ಬಿಡಬೇಕು. ಮಧ್ಯದಲ್ಲಿ ಬಿಡುವುದಾದರೆ ಒಪ್ಪಂದದಲ್ಲಿ ಹೇಳಿದ ಗಡುವಿನೊಳಗೆ ಲಿಖಿತವಾಗಿ ತಿಳಿಸಬೇಕು. ವಿದ್ಯಾರ್ಥಿ ಹಾಸ್ಟೆಲುಗಳಿಗೆ ಬಾಡಿಗೆ ಕಾನೂನಿನ ಕೆಲವು ರಕ್ಷಣೆಗಳು ಅನ್ವಯಿಸುವುದಿಲ್ಲ, ಹಾಗಾಗಿ ಖಾಸಗಿ ಮನೆಯ ನಿಯಮವನ್ನೇ ಇಲ್ಲಿಗೂ ತಂದು ವಾದಿಸಿ ಫಲವಿಲ್ಲ. ರಜೆಗೆ ಊರಿಗೆ ಬರುವಾಗ ಕೋಣೆಯನ್ನು ಗೆಳೆಯರಿಗೆ ಕೊಟ್ಟು ಬರುವ ಮನಸ್ಸಾದರೆ ಮೊದಲು ವೆರ್ಕ್‌ನ ಒಪ್ಪಿಗೆ ಪಡೆಯಿರಿ. ಒಪ್ಪಿಗೆಯಿಲ್ಲದೆ ಕೊಟ್ಟರೆ ಒಪ್ಪಂದವೇ ರದ್ದಾಗಬಹುದು.

ಕೊನೆಯ ದಿನ ಮೊಳೆಯ ತೂತು ಮುಚ್ಚಿ, ಒಲೆ, ಫ್ರಿಜ್, ಬಚ್ಚಲು ಉಜ್ಜಿ, ಮೊದಲ ದಿನದ ಹಾಳೆ ಹಿಡಿದು ಹೌಸ್‌ಮೈಸ್ಟರ್ ಜೊತೆ ಕೋಣೆ ಸುತ್ತಿ. ಕೀಲಿ ಒಂದು ಕಳೆದಿದ್ದರೂ ದುಬಾರಿ, ಒಂದೇ ಕೀಲಿಗೆ ಮುಖ್ಯ ಬಾಗಿಲೂ ಸೇರಿ ಹಲವು ಬೀಗಗಳು ಹೊಂದಿಕೊಂಡಿರುತ್ತವೆ. ಮುಂಗಡ ಆ ದಿನವೇ ಕೈಗೆ ಬಾರದು. ಲೆಕ್ಕ ಮುಗಿದು ಖಾತೆಗೆ ಬರಲು ವಾರಗಳು, ಕೆಲವೊಮ್ಮೆ ತಿಂಗಳುಗಳು ಹಿಡಿಯುತ್ತವೆ. ಜರ್ಮನಿ ಬಿಡುವ ಅವಸರದಲ್ಲಿ ಅಲ್ಲಿನ ಬ್ಯಾಂಕ್ ಖಾತೆ ಮೊದಲು ಮುಚ್ಚಿದವರ ಮುಂಗಡ ಹೋಗಿ, ಮರಳಿ, ಅಲ್ಲೇ ಉಳಿಯುತ್ತದೆ. ಆಮೇಲೆ ಭಾರತದ ಖಾತೆಯ ವಿವರ ಕಳಿಸಿ ತರಿಸಿಕೊಳ್ಳುವುದು ಸಾಧ್ಯ, ಆದರೆ ಖರ್ಚೂ ಓಡಾಟವೂ ಹೆಚ್ಚು. ಮುಂಗಡ ಬಂದು ಬಿದ್ದ ಮೇಲೆ ಖಾತೆ ಮುಚ್ಚಿ.